ಶತ್ರು ನಡುಗಲಿ, ಸಂಸತ್ತು ಸುಮ್ಮನಿರಲಿ

ಬ್ರಿಟನ್ನಿನಲ್ಲಿ ಹೊಸ ಪ್ರಧಾನಿ ಕುರ್ಚಿ ಹತ್ತಿದ ಕೂಡಲೇ ಪೆನ್ನು ಹಿಡಿದು ನಾಲ್ಕು ಕಾಗದ ಬರೆಯಬೇಕು. ಅಣ್ವಸ್ತ್ರ ಹೊತ್ತ ಜಲಾಂತರ್ಗಾಮಿಗಳು ನಾಲ್ಕಿವೆ, ತಲಾ ಒಂದು. ವಿಷಯ ಇಷ್ಟೇ: ದೇಶ ಬೂದಿಯಾಗಿ, ನಾನೂ ಸತ್ತಿದ್ದರೆ, ತಿರುಗಿ ಬಾಂಬು ಹಾಕಬೇಕೋ ಬೇಡವೋ. ಬರೆದದ್ದು ತಿಜೋರಿಗೆ ಹೋಗುತ್ತದೆ. ಒಂಥರಾ ವೀಲುನಾಮೆ, ಓದಿ ಹೇಳಿದರೆ ಕೇಳಲು ವಾರಸುದಾರರು ಮಾತ್ರ ಇರುವುದಿಲ್ಲ.

ದೇಶ ಉಳಿದಿದೆಯೋ ಇಲ್ಲವೋ ಅಂತ ಕಡಲಿನಡಿ ಇರುವ ಕ್ಯಾಪ್ಟನ್‌ಗೆ ಗೊತ್ತಾಗುವುದು ಹೇಗೆ? ಬಿಬಿಸಿ ರೇಡಿಯೊ 4 ಬರುತ್ತಿದೆಯೇ ಎಂದು ನೋಡುವುದೂ ಒಂದು ದಾರಿ ಅಂತ ಇತಿಹಾಸಕಾರ ಪೀಟರ್ ಹೆನೆಸ್ಸಿ ಹೇಳಿದ್ದಾರೆ. ಅಲ್ಲಿನ ರೇಡಿಯೊದವರು ಮುಷ್ಕರ ಹೂಡುವ ಮುಂಚೆ ಸ್ವಲ್ಪ ಯೋಚಿಸುವುದು ಒಳ್ಳೆಯದು.

ಪ್ರಧಾನಿ ಇಳಿದರೆ ಆ ಕಾಗದಗಳನ್ನು ಒಡೆಯದೆ ನಾಶ ಮಾಡುತ್ತಾರೆ. 2022ರಲ್ಲಿ ಜಾನ್ಸನ್, ಟ್ರಸ್, ಸುನಕ್ ಅಂತ ಒಂದೇ ವರ್ಷ ಮೂವರು ಪ್ರಧಾನಿಗಳು. ಟ್ರಸ್ ಇದ್ದದ್ದೇ 49 ದಿನ. ಜಲಾಂತರ್ಗಾಮಿ ಗಸ್ತಿಗೆ ಹೋದರೆ ತಿಂಗಳುಗಟ್ಟಲೆ ಮೇಲೆ ಬರುವುದಿಲ್ಲ. ಅಂದಮೇಲೆ ಕುರ್ಚಿ ಬಿಟ್ಟಿಳಿದವರ ಅಪ್ಪಣೆಯೇ ಕಡಲಲ್ಲಿ ಇನ್ನೂ ಓಡಾಡಿಕೊಂಡಿತ್ತು, ಅಲ್ವಾ? ಅದರಲ್ಲಿ ಏನಿತ್ತು ಅಂತ ಓಟು ಹಾಕಿದವನಿಗೆ ಯಾವತ್ತೂ ಗೊತ್ತಾಗುವುದಿಲ್ಲ.

ಶತ್ರುವಿನ ತಲೆ ಕೆಡಿಸಲು ಗುಟ್ಟು ಬೇಕು, ಒಪ್ಪೋಣ. ಆದರೆ 2016ರಲ್ಲಿ ಗುಟ್ಟು ಮಾಡಿದ್ದು ಯಾರ ಹತ್ತಿರ? ಜೂನ್‌ನಲ್ಲಿ ಫ್ಲಾರಿಡಾದಾಚೆ ಕಡಲಲ್ಲಿ, ಈ ಜಲಾಂತರ್ಗಾಮಿಗಳು ಅಣ್ವಸ್ತ್ರ ಹಾರಿಸಲು ಇಟ್ಟುಕೊಂಡ ಟ್ರೈಡೆಂಟ್ ಕ್ಷಿಪಣಿಯ ಪರೀಕ್ಷೆ ಕೆಟ್ಟಿತು. ಜುಲೈನಲ್ಲಿ ಅದೇ ಟ್ರೈಡೆಂಟ್ ಹೊರಲು ಹೊಸ ಜಲಾಂತರ್ಗಾಮಿಗಳು ಬೇಕು ಅಂತ ಸರ್ಕಾರ ಸಂಸತ್ತಿನ ಮುಂದೆ ಬಂತು. ಪರ 472, ವಿರುದ್ಧ 117. ಕ್ಷಿಪಣಿ ದಾರಿ ತಪ್ಪಿದ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಲಕ್ಷ ಅಮಾಯಕರನ್ನು ಕೊಲ್ಲುವ ದಾಳಿಗೆ ನೀವು ಒಪ್ಪಿಗೆ ಕೊಡ್ತೀರಾ ಎಂದು ಸಂಸದರೊಬ್ಬರು ಕೇಳಿದ್ದಕ್ಕೆ ಪ್ರಧಾನಿ ಥೆರೆಸಾ ಮೇ ಕೊಟ್ಟ ಉತ್ತರದ ಮೊದಲ ಪದವೇ ‘ಹೌದು.’ ಮುಂದಿನ ಜನವರಿಯಲ್ಲಿ ಪತ್ರಿಕೆಯೊಂದು ವಿಷಯ ಬಯಲು ಮಾಡಿತು. ಪರೀಕ್ಷೆ ಕೆಟ್ಟದ್ದು ಅವತ್ತು ನಿಮಗೆ ಗೊತ್ತಿತ್ತಾ ಅಂತ ಟಿವಿಯಲ್ಲಿ ಅದೇ ಮೇಡಂಗೆ ನಾಲ್ಕು ಸಲ ಕೇಳಿದರು. ಹೌದೂ ಇಲ್ಲ, ಅಲ್ಲವೂ ಇಲ್ಲ. ಲಕ್ಷ ಜನರ ಪ್ರಶ್ನೆಯೇ ಸುಲಭವಾಗಿತ್ತು ಅಂತ ಕಾಣುತ್ತದೆ.

ಆಮೇಲಿನ ಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ರಕ್ಷಣಾ ಸಚಿವ ಗ್ರಾಂಟ್ ಶಾಪ್ಸ್ ಜಲಾಂತರ್ಗಾಮಿಯೊಳಗೇ ಇದ್ದರು. ಕ್ಷಿಪಣಿ ನೀರಿನಿಂದ ಎದ್ದು, ಅಲ್ಲೇ ಹತ್ತಿರದಲ್ಲಿ ನೀರಿಗೆ ಬಿತ್ತು. ಅದು ಆ ಪರೀಕ್ಷೆಗಷ್ಟೇ ಸೇರಿದ ದೋಷ, ಒಟ್ಟು ವ್ಯವಸ್ಥೆಗೆ ಏನೂ ಆಗಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಪರೀಕ್ಷೆ ಮಾಡಿದಾಗ ಮಾತ್ರ ಕೈಕೊಡುತ್ತದೆ ಅಂದಮೇಲೆ ಪರೀಕ್ಷೆಯನ್ನೇ ನಿಲ್ಲಿಸಿದರಾಯಿತು. ಆಮೇಲೆ ನೂರಕ್ಕೆ ನೂರು.