ಎರಡು ರಜೆ ನಡುವೆ ಸಿಕ್ಕಿಬಿದ್ದ ಮಂಗಳವಾರ

"ಕೆಲಸ ಮಾಡೋಕೆ ಮೂಡೇ ಬರ್ತಿಲ್ಲ ಕಣ್ರಲೇ." ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಹೀಗೆ ಮೊದಲು ಗೋಳಾಡಿದವನು ಸರ್ಕಾರಿ ನೌಕರ. 2025ರ ದೀಪಾವಳಿಗೆ ಇನ್ನೂ ಹತ್ತು ದಿನ ಇತ್ತು. ಬ್ಯಾಂಕಿನವನು "ನಂದೂ ಅದೇ ಕಥೆ" ಅಂದ. ನೌಕರನ ಟೇಬಲ್ ಮೇಲೆ ಒಂದು ವರದಿ ಮೂರು ವಾರದಿಂದ ಬಿದ್ದಿತ್ತಂತೆ. ಸುಮ್ನೆ ನಾಲ್ಕು ಅಂಕಿ ಕೂಡಿಸಿ ಕಳಿಸಬೇಕು, ಆದರೆ ಅಂಕಿ ಕಂಡರೆ ತಲೆ ನಿಂತುಬಿಡುತ್ತಂತೆ.

ಪಾಪ ಅನಿಸಿ ಸಂಜೆ ಎಲ್ಲರನ್ನೂ ಮಂಡಕ್ಕಿ ಮಿರ್ಚಿಗೆ ಕರೆದೆ.

ಮಿರ್ಚಿ ಕೊಟ್ಟಿದ್ದ ಎಣ್ಣೆ ಕಾಗದವನ್ನೇ ಬಿಡಿಸಿ ನೌಕರ ಪೆನ್ನು ತೆಗೆದ. "19 ಭಾನುವಾರ. 20 ನರಕ ಚತುರ್ದಶಿ. 22 ಬಲಿಪಾಡ್ಯಮಿ. 25 ನಾಲ್ಕನೇ ಶನಿವಾರ, 26 ಮತ್ತೆ ಭಾನುವಾರ. ನಡುವೆ 21, 23, 24 ಮೂರೇ ಮೂರು ಸಿಎಲ್ (ಕ್ಯಾಶುಯಲ್ ಲೀವ್) ಬಿಸಾಕಿದರೆ ಎಂಟು ದಿನ ಮನೇಲಿ!" ಎರಡು ನಿಮಿಷವೂ ಹಿಡಿಯಲಿಲ್ಲ. ತಲೆ ನಿಂತುಹೋಗಿದ್ದವನು ಇವನೇನಾ ಅಂತ ನಾನು ಮುಖ ನೋಡಿದೆ.

ಸಿಎಲ್ ಅಂದ ಕೂಡಲೇ ಹಳೇ ಗಾಯ ಕೆದಕಿದಂತಾಯಿತು. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟ ಸರ್ಕಾರ, ಅದರ ಜೊತೆಗೇ ಸಿಎಲ್ಲನ್ನು 15ರಿಂದ 10ಕ್ಕೆ ಇಳಿಸಿತ್ತಲ್ಲ, ಆ ಐದು ದಿನಕ್ಕೆ ಇವನು ಇನ್ನೂ ಸೂತಕ ಕಳೆದಿಲ್ಲ. ಸಾಲದ್ದಕ್ಕೆ 2025ರಲ್ಲಿ ವಿಜಯದಶಮಿ, ಗಾಂಧಿ ಜಯಂತಿ ಎರಡೂ ಅಕ್ಟೋಬರ್ 2ರಂದೇ ಬಂದಿದ್ದವು. ಗಾಂಧೀಜಿ ಬಗ್ಗೆ ಅವನು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಮ್ಮ ದಸರಾ ರಜೆ ಮನೆ ಮನೆ ತಿರುಗಿ ಸಮೀಕ್ಷೆ ಮಾಡೋದ್ರಲ್ಲೇ ಹೋಯ್ತಪ್ಪ" ಅಂದರು ಮೇಷ್ಟ್ರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಲಸ ಮಾಡಿದವರ ಮಾತು ಆ ಹೊತ್ತಲ್ಲಿ ಯಾರಿಗೆ ಬೇಕು?

ಆಯ್ತು, 21ನೇ ತಾರೀಕು ಬಂತು. ಮಂಗಳವಾರ, ಅಮಾವಾಸ್ಯೆ. ಊರ ತುಂಬಾ ಅಂಗಡಿ ಪೂಜೆ. ಆದರೆ ಸರ್ಕಾರದ ರಜೆ ಪಟ್ಟಿಯಲ್ಲಿ ಇಲ್ಲ, ಅಂದರೆ ಕೆಲಸದ ದಿನ ಅಲ್ವಾ ಅಂತ ನಂಬಿಕೊಂಡು, ಬಾಕಿ ಇದ್ದ ಒಂದು ಸರ್ಟಿಫಿಕೇಟಿಗಾಗಿ ಒಂದು ಕಚೇರಿಗೆ ಹೋದೆ. ಫ್ಯಾನುಗಳು ಹಾಜರಿದ್ದವು. ಕಂಪ್ಯೂಟರ್ ಹಣೆಯ ಮೇಲೆ ಆಯುಧಪೂಜೆಯ ಕುಂಕುಮ ಇಪ್ಪತ್ತು ದಿನವಾದರೂ ಒಂಚೂರೂ ಅಳಿಸಿರಲಿಲ್ಲ. ಒಬ್ಬರೇ ಒಬ್ಬರು ಕೂತಿದ್ದರು.

"ಇವತ್ತು ಯಾರಾದ್ರೂ ಬರ್ತಾರಾ ಸಾರ್?"

"ಕೆಲಸದ ದಿನ ಅಲ್ವಾ?"

"ದಿನ ಕೆಲಸದ್ದೇ ಸಾರ್. ಜನಕ್ಕೆ ಜ್ವರ."

"ಎಲ್ಲರಿಗೂನಾ?"

"ಒಬ್ಬರಿಗೆ ಮಾತ್ರ ಇಲ್ಲ, ಅವರ ಅತ್ತೆಗೆ."

ಗುರುವಾರ ಬನ್ನಿ ಅಂದರು. ಆಮೇಲೆ ಏನೋ ನೆನಪಾಗಿ, ಬೇಡ, ಮುಂದಿನ ಸೋಮವಾರವೇ ಬಂದುಬಿಡಿ ಅಂದರು. ಎಣ್ಣೆ ಕಾಗದದ ಲೆಕ್ಕ ಎಲ್ಲ ಕಚೇರಿಗೂ ತಲುಪಿತ್ತು ಅಂತ ಕಾಣುತ್ತೆ.

ಬರುವಾಗ ಚೌಕಿಪೇಟೆ ಮಾರ್ಕೆಟ್ ಕಡೆ ಹಾದೆ. ಕಾಲಿಡೋಕೆ ಜಾಗ ಇಲ್ಲ. ಬಾಳೆಕಂದು, ಚೆಂಡುಹೂ, ಹಬ್ಬದ ಪೂಜೆಗೆ ಬೇಕಾದ ಕಾಚಿಕಡ್ಡಿ, ಬ್ರಹ್ಮದಂಡೆ. ಇಡೀ ವಾರ ಕೈಕಾಲೇ ಆಡಲ್ಲ ಅಂತಿದ್ದ ಜನ ಎರಡು ರೂಪಾಯಿಗೆ ಅರ್ಧ ಗಂಟೆ ನಿಂತು ಚೌಕಾಸಿ ಮಾಡುತ್ತಿದ್ದರು! ಅಲ್ಲೇ ಸಿಕ್ಕ, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮವನು. ರಜೆ ಹಾಕಿಲ್ಲ, ವರ್ಕ್ ಫ್ರಮ್ ಹೋಮ್. ಕಿವಿಯಲ್ಲಿ ಇಯರ್‌ಫೋನ್, ತೋಳಲ್ಲಿ ಬಾಳೆಕಂದು. ಮೀಟಿಂಗ್ ನಡೀತಿದೆ, ಮ್ಯೂಟ್ ಮಾಡಿದೀನಿ ಅಂತ ಸನ್ನೆ ಮಾಡಿದ. ಮ್ಯೂಟ್ ಆಗಿರಲಿಲ್ಲ. "ಮಾರು ಎಷ್ಟಮ್ಮ, ಕಡಿಮೆ ಮಾಡ್ಕೊಳ್ರಿ" ಅಂದದ್ದು ಬೆಂಗಳೂರಿನವರೆಗೂ ಕೇಳಿಸಿತು. ಅಲ್ಲಿಂದ ಮ್ಯಾನೇಜರು, ನಂಗೂ ಎರಡು ಮಾರು ತಗೊಂಡು ಬಾ ಅಂದರಂತೆ.

ಸೋಮವಾರ ನಾನು ಆ ಕಚೇರಿಗೆ ಹೋಗಲಿಲ್ಲ. ಯಾಕೋ ಮೂಡೇ ಬರಲಿಲ್ಲ.

ಪ್ರೆಸ್ಸಿನಲ್ಲಿ ಕೂತೆ. ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್, ಆ ಸಮಯಕ್ಕೆ ಕ್ಯಾಲೆಂಡರ್ ಕೆಲಸ ಶುರುವಾಗಿರುತ್ತೆ. ಗ್ರೂಪಿನವರು ಕೇಳುತ್ತಲೇ ಇದ್ದರು ಅಂತ 2026ರ ಪ್ರೂಫ್ ಒಂದು ಫೋಟೋ ತೆಗೆದು ಹಾಕಿದೆ. ಅರೆ ನಿಮಿಷದಲ್ಲಿ ನೌಕರ ಕಂಡುಹಿಡಿದ: ನವೆಂಬರ್ 1, ರಾಜ್ಯೋತ್ಸವ, ಭಾನುವಾರ. ಅಳುವ ಮುಖಗಳು ಒಂದರ ಹಿಂದೆ ಒಂದು ಬಿದ್ದವು. ನನಗೆ ಭಾನುವಾರವೂ ಒಂದೇ, ಸೋಮವಾರವೂ ಒಂದೇ. ಆದರೂ ನಾನೂ ಒಂದು ಒತ್ತಿದೆ.