ಹಗ್ಗ ಸಡಿಲಿಸುವ ಗಳಿಗೆ

ಕುದುರೆಯ ಹಣೆಗೆ ಹಣೆ ತಾಗಿಸಿ ಕಣ್ಣು ಮುಚ್ಚಿ ನಿಂತ ಫೋಟೋಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ನೋಡಲು ಚೆಂದ. ಆದರೆ ಹಣೆಯ ನೇರ ಮುಂದೆ ಇರುವುದು ಕುದುರೆಗೆ ಕಾಣುವುದೇ ಇಲ್ಲ! ಕಣ್ಣುಗಳು ತಲೆಯ ಎರಡು ಪಕ್ಕಕ್ಕೆ ಇರುವುದರಿಂದ ಸುತ್ತಲಿನ 360 ಡಿಗ್ರಿಯಲ್ಲಿ ಸುಮಾರು 350 ಡಿಗ್ರಿ ಅದರ ನೋಟಕ್ಕೆ ಸಿಗುತ್ತದೆ. ಸಿಗದೆ ಉಳಿಯುವುದು ಹಣೆಯೆದುರಿನ ಒಂದು ಚೂರು, ಬಾಲದ ಹಿಂದಿನ ಇನ್ನೊಂದು ಚೂರು. ಪ್ರೀತಿ ಉಕ್ಕಿ ನಾವು ಹೋಗಿ ನಿಲ್ಲುವುದು ಸರಿಯಾಗಿ ಆ ಕುರುಡು ಜಾಗದಲ್ಲಿ. ಅದು ಸುಮ್ಮನೆ ನಿಂತಿದ್ದರೆ ಅದರ ದೊಡ್ಡತನ ಅಷ್ಟೆ.

ಬಿಡಬೇಕಾದ ಗಳಿಗೆಯಲ್ಲಿ ಬಿಡುವ ಕೈಯನ್ನು ಕುದುರೆ ನಂಬುತ್ತದೆ. ಮುದ್ದು, ಕ್ಯಾರೆಟ್, ಸಕ್ಕರೆ ಎಲ್ಲ ಆಮೇಲಿನ ಮಾತು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಗ್ಗ ಹಿಡಿದು ನಡೆಸುವುದನ್ನೇ ತೆಗೆದುಕೊಳ್ಳಿ. ಕುದುರೆಯ ಎಡಭುಜದ ಪಕ್ಕ, ಒಂದು ತೋಳಿನಷ್ಟು ದೂರದಲ್ಲಿ ನಿಲ್ಲಬೇಕು. ಉಳಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಮಡಚಿ ಹಿಡಿಯಬೇಕು; ಬೆದರಿ ಓಡಿದರೆ ಸುತ್ತಿದ ಹಗ್ಗ ಬೆರಳು ಮುರಿಯುತ್ತದೆ. ಈಗ ಹಗ್ಗ ಬಿಗಿಯಾಗುವಷ್ಟೇ ಮುಂದಕ್ಕೆ ಎಳೆದು, ಹಾಗೇ ಹಿಡಿದು ಕಾಯಿರಿ. ಕಾಲೆತ್ತುವ ಮೊದಲು ಕುದುರೆ ಮೈಭಾರವನ್ನು ತುಸು ಮುಂದಕ್ಕೆ ವಾಲಿಸುತ್ತದೆ. ಹಗ್ಗ ಸಡಿಲಿಸಬೇಕಾದದ್ದು ಆಗಲೇ. ಎರಡು ಸೆಕೆಂಡ್ ತಡವಾದರೂ ಅಷ್ಟರಲ್ಲಿ ಅದು ತಲೆ ಒದರಿರುತ್ತದೆ, ಇಲ್ಲವೇ ಮತ್ತೆ ನಿಂತುಬಿಟ್ಟಿರುತ್ತದೆ. ಸಡಿಲಾದಾಗ ಏನು ಮಾಡುತ್ತಿತ್ತೋ ಅದನ್ನೇ ಸರಿ ಎಂದು ಕಲಿಯುತ್ತದೆ. ‘ಮೊಂಡು ಕುದುರೆ’ ತಯಾರಾಗುವುದು ಬಹುಪಾಲು ಹೀಗೆ, ನಮ್ಮ ಕೈಯಲ್ಲೇ.

ಸಡಿಲಿಸದೆ ಎಳೆಯುತ್ತಲೇ ಇದ್ದರೆ? 400-500 ಕೆಜಿ ತೂಕದ ಪ್ರಾಣಿಯೊಂದಿಗೆ ಹಗ್ಗಜಗ್ಗಾಟ ಆಡಿ ಯಾರೂ ಗೆದ್ದಿಲ್ಲ. ಲಗಾಮಿನದೂ ಇದೇ ಕಥೆ. ಕಡಿವಾಣದ ಸರಳು ಕೂರುವುದು ಮುಂದಿನ ಹಲ್ಲು ಮತ್ತು ದವಡೆ ಹಲ್ಲುಗಳ ನಡುವಿನ ಖಾಲಿ ಜಾಗದಲ್ಲಿ. ಅಲ್ಲಿ ಮೂಳೆಯ ಮೇಲೆ ತೆಳ್ಳನೆಯ ಒಸಡು ಬಿಟ್ಟರೆ ಏನೂ ಇಲ್ಲ. ಸದಾ ಜಗ್ಗಿ ಹಿಡಿದರೆ ಕುದುರೆ ಆ ನೋವನ್ನು ಲೆಕ್ಕಕ್ಕಿಡುವುದನ್ನೇ ಬಿಡುತ್ತದೆ. ಆಮೇಲೆ ‘ಇದರ ಬಾಯಿ ಗಟ್ಟಿ’ ಎಂದು ಇನ್ನೂ ಒರಟು ಕಡಿವಾಣ ಹುಡುಕುತ್ತೇವೆ.

ನಮ್ಮ ಮೈಯ ಚಲನೆಯನ್ನು ಅದು ಎಷ್ಟು ಸೂಕ್ಷ್ಮವಾಗಿ ಓದುತ್ತದೆ ಎಂಬುದಕ್ಕೆ ಬರ್ಲಿನ್‌ನ ಹಾನ್ಸ್ ಸಾಕ್ಷಿ. ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಬಡಿದು ಉತ್ತರ ಹೇಳುತ್ತಿದ್ದ ಕುದುರೆ ಅದು. ಯಜಮಾನ ವಿಲ್‌ಹೆಲ್ಮ್ ಫಾನ್ ಓಸ್ಟೆನ್ ಮೋಸಗಾರನಲ್ಲ, ನಿಜಕ್ಕೂ ನಂಬಿದ್ದ. 1907ರಲ್ಲಿ ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ ಪರೀಕ್ಷೆಗಳನ್ನು ಮಾಡಿ ಗುಟ್ಟು ಬಿಡಿಸಿದ: ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ ಅವರಿಗೇ ಗೊತ್ತಿಲ್ಲದಂತೆ ಒಂದಿಷ್ಟು ಅಲುಗುತ್ತಿತ್ತು, ಹಾನ್ಸ್ ಅಲ್ಲಿಗೆ ನಿಲ್ಲಿಸುತ್ತಿತ್ತು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅದೂ ತಪ್ಪುತ್ತಿತ್ತು. ಅಂಥ ಪ್ರಾಣಿಯ ಹತ್ತಿರ ಉಸಿರು ಬಿಗಿಹಿಡಿದು, ಮುಷ್ಟಿ ಬಿಗಿದು ಹೋಗಿ, ಬಾಯಲ್ಲಿ ಮಾತ್ರ ‘ಹೆದರಬೇಡ ಮರೀ’ ಅಂದರೆ ಅದು ಬಾಯಿಮಾತು ನಂಬುತ್ತದೆಯೇ?

ಇನ್ನು ಶಹಬ್ಬಾಸ್ ಎಂದು ಕತ್ತಿಗೆ ಪಟಪಟ ಬಡಿಯುವ ಅಭ್ಯಾಸ. ಕುದುರೆಗಳು ಒಂದನ್ನೊಂದು ಬಡಿಯುವುದಿಲ್ಲ; ಕತ್ತು ಬೆನ್ನಿಗೆ ಕೂಡುವ ಉಬ್ಬನ್ನು ಹಲ್ಲಿನಿಂದ ಮೆಲ್ಲಗೆ ಕೆರೆದುಕೊಡುತ್ತವೆ. ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತದೆಂದು 1993ರಲ್ಲೇ ಪ್ರಕಟವಾದ ಅಧ್ಯಯನವಿದೆ. ಬೆರಳ ತುದಿಯಿಂದ ಒತ್ತಿ, ಗುಂಡಗೆ ಕೆರೆಯಿರಿ. ಸರಿಯಾದ ಜಾಗ ಸಿಕ್ಕಿತು ಎಂಬುದನ್ನು ಮೇಲ್ತುಟಿ ಹೇಳುತ್ತದೆ: ಅದು ಉದ್ದವಾಗಿ ಚಾಚಿ ಅದುರಲು ಶುರುವಾಗುತ್ತದೆ, ಕತ್ತು ತಾನಾಗಿ ವಾಲುತ್ತದೆ. ಕಿವಿ ಹಿಂದಕ್ಕೆ ಅಂಟಿ ಬಾಲ ಬೀಸಿದರೆ ಕೈ ತೆಗೆಯಿರಿ. ಇದೂ ಹಗ್ಗ ಸಡಿಲಿಸಿದಂತೆಯೇ.

ಜೀನಿನ ಪಟ್ಟಿ ಬಿಗಿಯುವಾಗ ಕಚ್ಚಲು ಬರುವ ಕುದುರೆಗೆ ‘ಕೊಬ್ಬು’ ಅನ್ನುತ್ತಾರೆ. ನನಗೆ ಸಿಟ್ಟು ತರಿಸುವ ಪದ. ಒಂದೇ ಸಲಕ್ಕೆ ಹೊಟ್ಟೆ ಹಿಂಡಿದಂತೆ ಬಿಗಿದರೆ ಯಾರಿಗಾದರೂ ಕಚ್ಚಬೇಕೆನಿಸುತ್ತದೆ. ಮೊದಲು ಜೀನು ಜಾರದಷ್ಟು, ನಾಲ್ಕು ಹೆಜ್ಜೆ ನಡೆಸಿ ಒಂದು ತೂತು, ಹತ್ತುವ ಮುಂಚೆ ಇನ್ನೊಂದು. ಆದರೂ ಕಚ್ಚಲು ಬಂದರೆ ಹೊಟ್ಟೆಯ ಹುಣ್ಣು ಅಥವಾ ಜೀನಿನ ಅಳತೆಯನ್ನು ಅನುಮಾನಿಸಬೇಕು. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತದೆ. ಮೇವಿಲ್ಲದೆ ಗಂಟೆಗಟ್ಟಲೆ ಕಟ್ಟಿಹಾಕಿದರೆ ಹುಣ್ಣಾಗುತ್ತದೆ. ಜೀನಿನ ಪರೀಕ್ಷೆ ಸುಲಭ: ಸವಾರಿ ಮುಗಿಸಿ ಜೀನು ತೆಗೆದಾಗ ಬೆನ್ನು ಸಮನಾಗಿ ಬೆವತಿರಬೇಕು. ಒದ್ದೆಯ ನಡುವೆ ಒಣ ಪಟ್ಟೆ ಕಂಡರೆ ಅಲ್ಲಿ ವಿಪರೀತ ಒತ್ತುತ್ತಿರಬಹುದು. ಬೆನ್ನಿನ ಉಬ್ಬಿನ ಮೇಲೆ ಬಿಳಿ ಕೂದಲಿನ ಮಚ್ಚೆಗಳಿದ್ದರೆ ಅವು ಹೆಚ್ಚಾಗಿ ಹಳೆಯ ಜೀನಿನ ಗಾಯದ ಗುರುತು.

ಕೊನೆಗೆ ನಿದ್ದೆಯ ವಿಷಯ. ಕುದುರೆ ನಿಂತೇ ತೂಕಡಿಸುತ್ತದೆ, ನಿಜ. ಆದರೆ ಕನಸು ಬೀಳುವ ಗಾಢ ನಿದ್ದೆಗೆ ನೆಲಕ್ಕೆ ಒರಗಲೇಬೇಕು. ದಿನಕ್ಕೆ ಅರ್ಧ ಗಂಟೆಯಷ್ಟಾದರೂ ಬೇಕು. ಗುಂಪಿನಲ್ಲಿ ಒಂದು ನಿಂತು ಕಾವಲು ಕಾಯುತ್ತದೆ, ಉಳಿದವು ಮಲಗುತ್ತವೆ. ಒಂಟಿಯಾಗಿ ಕಟ್ಟಿದ ಕುದುರೆಗೆ ಆ ಕಾವಲು ಇಲ್ಲ, ಎಷ್ಟೇ ಪ್ರೀತಿಸುವ ಯಜಮಾನನೂ ರಾತ್ರಿಯಿಡೀ ಅಲ್ಲಿ ನಿಲ್ಲುವುದಿಲ್ಲ. ನಿದ್ದೆಗೆಟ್ಟ ಕುದುರೆ ನಿಂತಲ್ಲೇ ಮುಗ್ಗರಿಸಿ, ಮುಂಗಾಲಿನಲ್ಲಿ ಗೊರಸಿನ ಮೇಲಿನ ಕೀಲಿನ ಮುಂಭಾಗ ತರಚಿಕೊಂಡಿರುತ್ತದೆ. ಬೆಳಿಗ್ಗೆ ಲಾಯಕ್ಕೆ ಹೋದಾಗ ಪಕ್ಕೆಗೆ, ಬಾಲಕ್ಕೆ ಹುಲ್ಲಿನ ಎಸಳು ಅಂಟಿದೆಯಾ ನೋಡಿ. ಇದ್ದರೆ ರಾತ್ರಿ ಮಲಗಿತ್ತು. ದಿನಗಟ್ಟಲೆ ಇಲ್ಲದಿದ್ದರೆ ಹಾಸು ತೆಳುವೇ, ಕೀಲು ನೋವೇ, ಜೊತೆಗಾರ ಇಲ್ಲದ ಭಯವೇ ಎಂದು ಹುಡುಕಬೇಕು. ಮಲಗಿದ್ದು ಹೊಟ್ಟೆಯನ್ನು ತಿರುತಿರುಗಿ ನೋಡುತ್ತಾ ಹೊರಳಾಡುತ್ತಿದ್ದರೆ ಅದು ಹೊಟ್ಟೆನೋವು, ತಕ್ಷಣ ವೈದ್ಯರನ್ನು ಕರೆಯಿರಿ. ಹಾಗಲ್ಲದೆ, ನೀವು ಬಾಗಿಲಿಗೆ ಬಂದರೂ ಒಂದು ಕಿವಿಯನ್ನಷ್ಟೇ ನಿಮ್ಮತ್ತ ತಿರುಗಿಸಿ ಆರಾಮಾಗಿ ಮಲಗೇ ಇದ್ದರೆ ಫೋಟೋ ತೆಗೆಯಬೇಡಿ, ಬಂದ ಹಾಗೆ ವಾಪಸ್ ಹೋಗಿ.