ರಿಲೇ ಹೇಳೋದು ಕಿಲೋಮೀಟರು, ಲೈನ್‌ಮನ್‌ಗೆ ಬೇಕಿರೋದು ಟವರ್ ನಂಬರು

ಭರಣಿ ಮಳೆ ಹುಯ್ಯುತ್ತಿದ್ದ ರಾತ್ರಿ. ಹನ್ನೊಂದೂವರೆಗೆ ನಮ್ಮ 66 ಕೆವಿ (66 ಸಾವಿರ ವೋಲ್ಟ್) ಲೈನ್ ಟ್ರಿಪ್ ಆಯ್ತು, ಅಂದರೆ ತಾನಾಗೇ ಕಟ್ ಆಯ್ತು. ಮಂಡ್ಯ ಜಿಲ್ಲೆಯ ಸಬ್‌ಸ್ಟೇಷನ್ ಒಂದರಲ್ಲಿ ನಾನು ಶಿಫ್ಟ್ ಆಪರೇಟರ್. ಒಂದು ಸಲ ಚಾರ್ಜ್ ಮಾಡಿ, ಅಂದರೆ ಲೈನಿಗೆ ಮತ್ತೆ ಕರೆಂಟ್ ಬಿಟ್ಟು ನೋಡಿದೆ, ನಿಲ್ಲಲಿಲ್ಲ. ಫಾಲ್ಟ್ ಎಷ್ಟು ದೂರದಲ್ಲಿದೆ ಅಂತ ಹೇಳುವ ಡಿಸ್ಟೆನ್ಸ್ ರಿಲೇ ಅಷ್ಟರಲ್ಲೇ ತೋರಿಸಿತ್ತು: ಆರ್ ಫೇಸ್, ಅರ್ಥ್ ಫಾಲ್ಟ್ (ಮೂರು ಫೇಸಿನಲ್ಲಿ ಒಂದರಿಂದ ಕರೆಂಟ್ ನೆಲಕ್ಕೆ ಹರಿದಿದೆ), 18.6 ಕಿ.ಮೀ. ಲಾಗ್ ಬುಕ್ಕಿಗೆ ಬರೆದುಕೊಂಡು ಫೋನಲ್ಲಿ ಓದಿ ಹೇಳಿದೆ. ಲೈನ್‌ಮನ್ ಅಣ್ಣ ಕೇಳಿದ್ದು ಒಂದೇ ಮಾತು: "ಹದಿನೆಂಟೂವರೆ ಅಂದ್ರೆ ಎಷ್ಟನೇ ಟವರು ಸಾ? ಯಾವೂರ ತಾವ ಬತ್ತದೆ?"

ನನಗೆ ಗೊತ್ತಿರಲಿಲ್ಲ.

ಲೈನು ರಸ್ತೆ ಹಿಡಿದು ಹೋಗುವುದಿಲ್ಲ. ಕಬ್ಬಿನ ಗದ್ದೆ, ನಾಲೆ ಏರಿ, ತೆಂಗಿನ ತೋಟ ದಾಟಿಕೊಂಡು ಅದರ ಪಾಡಿಗೆ ಅದು ಹೋಗುತ್ತದೆ. ಅಂದಾಜಿನ ಮೇಲೆ ಜೀಪಿಳಿದ ಇಬ್ಬರು ಬೆಳಗಿನ ಜಾವದವರೆಗೆ ಟಾರ್ಚ್ ಹಿಡಿದು ಕೆಸರಲ್ಲಿ ನಡೆದರು. ಕೊನೆಗೆ ಸಿಕ್ಕಿದ್ದು ಸಿಡಿದ ಒಂದು ಡಿಸ್ಕ್ ಇನ್ಸುಲೇಟರ್, ತಂತಿಯ ಕರೆಂಟ್ ಟವರಿಗೆ ಹರಿಯದಂತೆ ತಡೆಯುವ ಪಿಂಗಾಣಿ ಬಿಲ್ಲೆ. ಪಿಂಗಾಣಿ ಮೇಲೆ ಮಸಿ ಎಳೆದಂಥ ಗೆರೆ, ಅಂಚಲ್ಲಿ ಅಂಗೈಯಗಲ ಚೂರು ಹಾರಿತ್ತು. ಆಮೇಲೆ ಟವರ್ ಎಣಿಸಿ ನೋಡಿದರೆ ರಿಲೇ ತಪ್ಪಿದ್ದು ಅರ್ಧ ಕಿಲೋಮೀಟರೂ ಇಲ್ಲ! ಜೀಪಿಳಿದ ಜಾಗ ಮಾತ್ರ ನಾಲ್ಕು ಕಿ.ಮೀ. ಹಿಂದೆ.

ಇದು ನನ್ನನ್ನು ಬಹಳ ಕಾಡಿತು. ಫಾಲ್ಟ್ ಆದ ಗಳಿಗೆಯ ವೋಲ್ಟೇಜು, ಕರೆಂಟು ಅಳೆದು ರಿಲೇ ಇಂಪಿಡೆನ್ಸ್ (ಕರೆಂಟಿಗೆ ಲೈನ್ ಒಡ್ಡುವ ತಡೆ) ಲೆಕ್ಕ ಹಾಕುತ್ತದೆ. ಕಿಲೋಮೀಟರಿಗೆ ಎಷ್ಟು ಅಂತ ಮೊದಲೇ ಗೊತ್ತಿರುವುದರಿಂದ ದೂರ ಸಿಗುತ್ತದೆ. ಮರದ ಕೊಂಬೆ ತಗುಲಿದ್ದರೆ ಅದರ ರೆಸಿಸ್ಟೆನ್ಸೂ ಸೇರಿ ಲೆಕ್ಕ ಆಚೀಚೆ ಆಗುತ್ತದೆ, ನಿಜ. ಅದಕ್ಕಿಂತ ಕರಾರುವಾಕ್ಕಾದ ಟ್ರಾವೆಲಿಂಗ್ ವೇವ್ ವಿಧಾನ ಇದೆ. ಫಾಲ್ಟ್ ಆದ ಜಾಗದಿಂದ ಎರಡೂ ಕಡೆಗೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಅಲೆ ಓಡುತ್ತದೆ. ಎರಡು ತುದಿಗೆ ಅದು ಮುಟ್ಟಿದ ಹೊತ್ತನ್ನು ಜಿಪಿಎಸ್ ಗಡಿಯಾರದಲ್ಲಿ ಹಿಡಿದು ಕಳೆದರೆ ಜಾಗ ಗೊತ್ತಾಗುತ್ತದೆ. ಒಂದು ಮೈಕ್ರೋಸೆಕೆಂಡ್ ಹೆಚ್ಚುಕಡಿಮೆಯಾದರೂ ತಪ್ಪುವುದು 150 ಮೀಟರ್ ಅಷ್ಟೆ. 220, 400 ಕೆವಿ ಲೈನ್‌ಗೆ ಅದು ಬೇಕು. ನಮ್ಮ 66ಕ್ಕೆ ಮೊದಲು ಬೇಕಿರುವುದು ಅದಲ್ಲ. ರಿಲೇಯ ಕಿಲೋಮೀಟರು ತಾನಾಗೇ ಟವರ್ ನಂಬರಾಗಿ, ಊರಿನ ಹೆಸರಾಗಿ, ಮ್ಯಾಪಿನ ಗುರುತಾಗಿ ಲೈನ್‌ಮನ್ ಫೋನಿಗೆ ಹೋಗಬೇಕು. ಟವರ್ ಪಟ್ಟಿ ಇದ್ದರೆ ಇದೇನು ದೊಡ್ಡ ಕೆಲಸವಲ್ಲ.

ಜಾಗ ಗೊತ್ತಿಲ್ಲದಿದ್ದರೆ ಮತ್ತೆ ಮತ್ತೆ ಚಾರ್ಜ್ ಮಾಡಿ ನೋಡುವ ಒತ್ತಡ ಬರುತ್ತದೆ. ತಂತಿ ತುಂಡಾಗಿ ಗದ್ದೆಗೆ ಬಿದ್ದಿದ್ದರೆ? ರಾತ್ರಿ ಪಾಳಿ ಕರೆಂಟಿಗೆ ಪಂಪ್‌ಸೆಟ್ ಹತ್ತಿರ ಹೋಗುವ ರೈತ ಆ ಕತ್ತಲಲ್ಲೇ ಇರುತ್ತಾನೆ. ಸ್ವಿಚ್ ಒತ್ತುವಾಗ ನನ್ನ ಕೈ ನಡುಗುತ್ತದೆ.

1902ರಲ್ಲೇ ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದು ಕರೆಂಟ್ ಕೊಟ್ಟ ಜಿಲ್ಲೆ ಇದು. ಇಲ್ಲಿ ಇವತ್ತೂ ಟಾರ್ಚ್ ಹಿಡಿದು ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಆಟೊಮೇಷನ್ ಬಂದರೆ ನಮ್ಮ ಕೆಲಸ ಹೋಗುತ್ತೆ ಅಂತ ಕೆಲವರಿಗೆ ಭಯ. ಟವರ್ ಹತ್ತಿ ಡಿಸ್ಕ್ ಬದಲಾಯಿಸೋಕೆ ಮನುಷ್ಯನೇ ಬೇಕಲ್ಲ!

ರಜೆಯ ದಿನ ಆ ಲೈನ್‌ಮನ್ ಅಣ್ಣನ ಜೊತೆ ನಾನೇ ಒಂದೊಂದು ಟವರಿನ ಲೊಕೇಶನ್ ಬರೆದುಕೊಳ್ಳುತ್ತಿದ್ದೇನೆ. 41 ಆಗಿದೆ. ಮೊನ್ನೆ ಪಟ್ಟಿ ನೋಡಿ ಅವರಂದರು: "ನಂಬರ್ ಒಂದೇ ಸಾಲ್ದು ಸಾ, ಗಾಡಿ ಎಲ್ಲಿಗಂಟ ಹೋಯ್ತದೆ ಅದ್ನೂ ಬರ್ಕಳಿ." ಈಗ ಅದಕ್ಕೂ ಒಂದು ಕಾಲಂ ಹಾಕಿದ್ದೇನೆ.